ತಲೆ ಮುಚ್ಚಿಕೊಳ್ಳಿ, ಆಮೇಲೆ ನಿಮ್ಮಿಷ್ಟ

ಎಲ್ಲರಿಗೂ ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ನಮ್ಮಪ್ಪನ ತಲೆ. ಅದಕ್ಕೆ ಕೇಸರಿ ಬಟ್ಟೆ ಕಟ್ಟುತ್ತಿರುವ ಕೈ ಅಮ್ಮನದು. ಗಂಟು ಆಗಲೇ ಎರಡು ಸಲ ಬಿಚ್ಚಿಹೋಗಿದೆ. ಹಿಂದೆ ಕಾಣುವುದು ಅಮೃತಸರದ ಹರಿಮಂದಿರ ಸಾಹಿಬ್‌ನ ಗಡಿಯಾರ ಗೋಪುರದ ಬಾಗಿಲು. ನಾವೆಲ್ಲ ಸ್ವರ್ಣಮಂದಿರ ಅಂತೀವಲ್ಲ, ಅದೇ.

ಅಪ್ಪ ಬೀದರಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ನನಗೆ ಬುದ್ಧಿ ತಿಳಿದಾಗಿನಿಂದ ಅವರು ಯಾವ ದೇವರ ಮುಂದೆಯೂ ಕೈ ಮುಗಿದಿದ್ದನ್ನು ನಾನು ನೋಡಿಲ್ಲ. ರೈಲಿನಲ್ಲೇ ಹೇಳಿಬಿಟ್ಟಿದ್ದರು: "ನಾ ಬರ್ತೀನಿ ಖರೆ. ಆದ್ರ ನಮಸ್ಕಾರ ಗಿಮಸ್ಕಾರ ಮಾಡಂಗಿಲ್ಲ ನೋಡವ್ವಾ." ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತರು. ಅವರಿಗೆ ಮಂಡಿ ನೋವು. ನಮಸ್ಕಾರ ಮಾಡಬೇಕು ಅಂತ ಆಸೆ, ಕಾಲು ಬಗ್ಗುವುದಿಲ್ಲ. ಇಬ್ಬರನ್ನೂ ಕರೆದುಕೊಂಡು ಹೊರಟ ನನಗೆ, ಒಳಗೆ ಹೋದ ಮೇಲೆ ಏನೇನು ಮಾಡಲೇಬೇಕು, ಏನು ಬಿಟ್ಟರೂ ನಡೆಯುತ್ತದೆ ಅನ್ನುವುದೇ ಯೋಚನೆ.

ಮಾಡಲೇಬೇಕಾದ್ದು ಬಹಳ ಕಡಿಮೆ ಕಣ್ರೀ. ತಲೆ ಮುಚ್ಚಬೇಕು. ಚಪ್ಪಲಿ ಬಿಡಬೇಕು. ಬೀಡಿ ಸಿಗರೇಟು, ತಂಬಾಕು, ಹೆಂಡ ಹತ್ತಿರ ಸುಳಿಯಬಾರದು. ಬಾಗಿಲಲ್ಲಿ ನೆಲದಲ್ಲೇ ಒಂದು ಸಣ್ಣ ಕಾಲುವೆಯಂಥ ತಗ್ಗು ಇದೆ, ಅದರಲ್ಲಿ ನೀರು ಹರಿಯುತ್ತಿರುತ್ತದೆ. ಅದನ್ನು ತುಳಿದುಕೊಂಡೇ ಹೋಗಬೇಕು, ಕಾಲು ತಾನಾಗಿಯೇ ತೊಳೆದುಹೋಗುತ್ತದೆ. ನನ್ನ ಮುಂದಿದ್ದ ಒಬ್ಬ ಹುಡುಗ ಬಗ್ಗಿ ಅದೇ ನೀರಿಗೆ ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡ. ಸಾವಿರಾರು ಜನರ ಕಾಲು ತೊಳೆದ ನೀರು! ನನಗೆ ಒಂದು ಕ್ಷಣ ಹೇಗೋ ಆಯಿತು. ಆಮೇಲೆ ಗೊತ್ತಾಯಿತು, ಅವನಿಗೆ ಬೇಕಾಗಿದ್ದೂ ಅದೇ. ಸಂಗತ್‌ನ, ಅಂದರೆ ಅಲ್ಲಿ ಸೇರಿದ ಜನರ, ಪಾದಧೂಳಿಯನ್ನು ಸಿಖ್ಖರು ದೊಡ್ಡದು ಅಂತ ನಂಬುತ್ತಾರೆ. ಅವನ ಹಿಂದೆ ಬಂದವನು ಫೋನ್ ನೋಡಿಕೊಂಡು ಪಚಪಚ ಅಂತ ನಡೆದುಹೋದ. ಇಬ್ಬರಿಗೂ ಯಾರೂ ಏನೂ ಅನ್ನಲಿಲ್ಲ.

ಇನ್ನೊಂದು ಮಾತು. ಗುರುವಿನ ದರ್ಬಾರಿನ, ಅಂದರೆ ಚಿನ್ನದ ಕಟ್ಟಡದ, ಒಳಗಿನ ದೃಶ್ಯ ಈ ವಿಡಿಯೊದಲ್ಲಿ ಇಲ್ಲ. ಅಲ್ಲಿ ಕ್ಯಾಮೆರಾ ಬಿಡುವುದಿಲ್ಲ. ಸರೋವರದ ಸುತ್ತಿನ ಪರಿಕ್ರಮದಲ್ಲೂ ನಾನು ಫೋನ್ ಹೊರಗೆ ತೆಗೆದದ್ದು ಕಡಿಮೆ. 2024ರ ಜೂನ್‌ನಲ್ಲಿ, ಯೋಗ ದಿನದಂದು, ಯಾರೋ ಇಲ್ಲಿ ಆಸನ ಹಾಕಿ ಫೋಟೊ ಹಂಚಿಕೊಂಡು ದೊಡ್ಡ ಗಲಾಟೆ ಆಗಿತ್ತು. ಹಾಗಾಗಿ ನನ್ನ ಮಾತು ಕೇಳುತ್ತಾ, ಹೋಟೆಲ್ ಟೆರೇಸಿನಿಂದ ತೆಗೆದ ಗಲ್ಲಿಗಳನ್ನೂ ಪಾರಿವಾಳಗಳನ್ನೂ ನೋಡಿ. ಅಡ್ಜಸ್ಟ್ ಮಾಡ್ಕೊಳ್ಳಿ.

ಬಾಗಿಲು ದಾಟಿದರೆ ಮೆಟ್ಟಿಲು ಕೆಳಗೆ ಇಳಿಯುತ್ತವೆ. ನಮ್ಮ ಕಡೆ ದೇವಸ್ಥಾನಕ್ಕೆ ಹತ್ತಿ ಹೋಗಿಯೇ ಅಭ್ಯಾಸ, ಅಲ್ವಾ? ಇಲ್ಲಿ ಇಳಿಯಬೇಕು. ಬಾಗಿಲುಗಳು ನಾಲ್ಕು, ನಾಲ್ಕೂ ದಿಕ್ಕಿನಿಂದ ಯಾರು ಬೇಕಾದರೂ ಬರಲಿ ಅಂತ. ಇಳಿದ ಕೂಡಲೇ ನೀರು, ನೀರಿನ ನಡುವೆ ಆ ಚಿನ್ನದ ಕಟ್ಟಡ. ಜನ ನಿಂತಲ್ಲೇ ಬಾಗುತ್ತಾರೆ. ಆದರೆ ಒಬ್ಬರು ಬಾಗಿದ ಹಾಗೆ ಇನ್ನೊಬ್ಬರು ಬಾಗುವುದಿಲ್ಲ. ಒಬ್ಬ ಸರ್ದಾರ್ಜಿ ಎರಡೂ ಮಂಡಿಯೂರಿ ಅಮೃತಶಿಲೆಗೆ ಹಣೆ ಹಚ್ಚಿ ಎಷ್ಟೋ ಹೊತ್ತು ಏಳಲೇ ಇಲ್ಲ. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಮೆಟ್ಟಿಲನ್ನು ಬೆರಳ ತುದಿಯಿಂದ ಮುಟ್ಟಿ ಹಣೆಗೊತ್ತಿಕೊಂಡು ಓಡಿದಳು, ಬಸ್ ತಪ್ಪುತ್ತದೆ ಅನ್ನುವ ಹಾಗೆ. ಅಮ್ಮ ಕಂಬ ಹಿಡಿದು ಅರ್ಧ ಬಗ್ಗಿದರು. ಅಪ್ಪ ಎರಡೂ ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಹಾಲ್‌ನಲ್ಲಿ ಸೂಪರ್‌ವೈಸರ್ ನಿಂತ ಹಾಗೆ ನಿಂತಿದ್ದರು.

ದರ್ಶನದ ಸಾಲು ಸೇತುವೆಯ ಮೇಲೆ ನಿಧಾನವಾಗಿ ಜರುಗುತ್ತದೆ. ಒಳಗೆ ಮೂರ್ತಿ ಇಲ್ಲ. ಮೇಲ್ಕಟ್ಟಿನ ಕೆಳಗೆ ರೇಷ್ಮೆಯ ರುಮಾಲಾ ಹೊದ್ದ ಗುರು ಗ್ರಂಥ ಸಾಹಿಬ್, ಹಿಂದೆ ಚಾಮರ ಬೀಸುವವರು, ಪಕ್ಕದಲ್ಲಿ ಹಾರ್ಮೋನಿಯಂ ತಬಲಾ ಹಿಡಿದ ರಾಗಿಗಳು, ಅಂದರೆ ಕೀರ್ತನೆ ಹಾಡುವವರು. 1430 ಪುಟಗಳ ಗ್ರಂಥ ಅದು. ಪುಟ ಅನ್ನುವುದೂ ಇಲ್ಲ, ಅಂಗ್ ಅನ್ನುತ್ತಾರೆ. 1708ರಲ್ಲಿ, ನಮ್ಮ ಬೀದರಿಗೆ ಹತ್ತಿರದ ನಾಂದೇಡ್‌ನಲ್ಲಿ, ಹತ್ತನೇ ಗುರು ಗೋಬಿಂದ್ ಸಿಂಗ್ ಇನ್ನು ಮುಂದೆ ಗ್ರಂಥವೇ ಗುರು ಅಂದರು. ಅದಕ್ಕೇ ಜೀವಂತ ಗುರುವಿಗೆ ಮಾಡುವ ಮರ್ಯಾದೆಯೆಲ್ಲ ಅದಕ್ಕೆ. ಬೆಳಗಿನ ಜಾವ ಎಬ್ಬಿಸುತ್ತಾರೆ, ರಾತ್ರಿ ಮಲಗಿಸುತ್ತಾರೆ.

ಅಪ್ಪನ ಸರದಿ ಬಂತು. ಮುಂದಿದ್ದವರು ಹಣೆ ನೆಲಕ್ಕೆ ಹಚ್ಚಿ ಎದ್ದರು. ಅಪ್ಪ ನೆಟ್ಟಗೆ ನಿಂತರು. ಕೈಗಳು ಪಕ್ಕದಲ್ಲಿ. ನನ್ನ ಎದೆ ಡವಡವ. ಅಲ್ಲಿ ಸೇವೆಗೆ ನಿಂತಿದ್ದ ಸೇವಾದಾರ ಒಂದು ಸಲ ನೋಡಿ, "ಚಲೋ ಜೀ, ಚಲೋ ಜೀ" ಅಂತ ಮುಂದಕ್ಕೆ ಕೈ ತೋರಿಸಿದ. ನನಗೂ ಅದನ್ನೇ ಹೇಳಿದ. ನೆಲಕ್ಕೆ ಹಣೆ ಹಚ್ಚಿ ಅಲ್ಲೇ ಕೂತುಬಿಟ್ಟ ಅಜ್ಜಿಗೂ ಅದನ್ನೇ ಹೇಳಿದ. ಅವನಿಗೆ ಇದ್ದ ಚಿಂತೆ ಒಂದೇ, ಸಾಲು ನಿಲ್ಲಬಾರದು.

ಹೊರಗೆ ಬಂದ ಮೇಲೆ ಅಪ್ಪನ ಮುಖ ನೋಡಬೇಕಿತ್ತು. ನಲವತ್ತು ವರ್ಷದಿಂದ ತಯಾರು ಮಾಡಿಟ್ಟುಕೊಂಡ ವಾದ ಹಾಗೇ ಉಳಿದುಹೋಗಿತ್ತು. "ಯಾಕ ನಮಸ್ಕಾರ ಮಾಡ್ಲಿಲ್ಲ ಅಂತ ಒಬ್ಬರೂ ಕೇಳ್ಲಿಲ್ಲಲ್ಲ!" ಅಂದರು.

ಹಾಗಂತ ಇಲ್ಲಿ ಏನು ಮಾಡಿದರೂ ನಡೆಯುತ್ತದೆ ಅಂತಲ್ಲ. ಸ್ವಲ್ಪ ಹೊತ್ತಿಗೆ ಸರೋವರದ ದಂಡೆಯಲ್ಲಿ ಕೂತೆವು. ಅಪ್ಪ ಆರಾಮಾಗಿ ಎರಡೂ ಕಾಲು ನೀರಿನ ಕಡೆಗೆ, ಅಂದರೆ ದರ್ಬಾರಿನ ಕಡೆಗೇ, ಚಾಚಿದರು. ಎಲ್ಲಿಂದಲೋ ನೀಲಿ ನಿಲುವಂಗಿ ತೊಟ್ಟು ಭರ್ಜಿ ಹಿಡಿದ ಸೇವಾದಾರ ಬಂದು, ಮಾತಾಡದೆ, ಕಾಲು ಮಡಚಿಕೊಳ್ಳಿ ಅಂತ ಸನ್ನೆ ಮಾಡಿದ. ಅಪ್ಪ ತಕ್ಷಣ ಚಕ್ಕಂಬಕ್ಕಳ ಹಾಕಿದರು. ನನಗೆ ನಗು. ಯಾಕೆಂದರೆ ಗುರು ನಾನಕರ ಬಗ್ಗೆ ಎಲ್ಲರಿಗೂ ಗೊತ್ತಿರುವ ಕಥೆಯೇ ಅದು. ಮೆಕ್ಕಾದಲ್ಲಿ ಕಾಬಾದ ಕಡೆ ಕಾಲು ಹಾಕಿ ಮಲಗಿದ್ದರಂತೆ. ಬೈದವನಿಗೆ, ದೇವರಿಲ್ಲದ ದಿಕ್ಕು ಯಾವುದು ಹೇಳಪ್ಪಾ, ಕಾಲು ಆ ಕಡೆಗೇ ತಿರುಗಿಸು ಅಂದರಂತೆ. ಆ ಕಥೆ ಹೇಳುವವರ ಮನೆಯಲ್ಲೇ ಕಾಲು ಮಡಚಬೇಕು!

"ನಿಮ್ಮ ಸ್ವಾತಂತ್ರ್ಯ ಎಲ್ಲಿ ಹೋಯ್ತು ಅಪ್ಪಾ?" ಅಂದೆ.

"ನಮ್ಮನಿಗಿ ಬಂದವ್ರು ಚಪ್ಲಿ ಹಾಕ್ಕೊಂಡು ಒಳಗ ಬಂದ್ರ ಹೇಳೂದಿಲ್ಲೇನು? ಅದು ಬ್ಯಾರೆ, ಇದು ಬ್ಯಾರೆ" ಅಂದರು. ಅವರ ಪ್ರಕಾರ ಕಾಲು ಮಡಚುವುದು ಮನೆಯವರಿಗೆ ಕೊಡುವ ಮರ್ಯಾದೆ, ತಲೆ ಬಾಗಿಸುವುದು ಒಪ್ಪಿಗೆಯ ಸಹಿ. ಸಹಿ ಹಾಕದೆ ಮರ್ಯಾದೆ ಕೊಡಬಹುದು. ನನಗೆ ಈ ಲೆಕ್ಕ ಸರಿ ಅನ್ನಿಸಿತು, ಅವರಿಗೆ ಮಾತ್ರ ಹೇಳಲಿಲ್ಲ.

ಮಾರನೇ ದಿನ ಬೆಳಗಿನ ಜಾವ ಮತ್ತೆ ಹೋದೆವು. ಚಳಿ. ಕಾಲ ಕೆಳಗಿನ ಕಲ್ಲು ಕೊರೆಯುತ್ತಿತ್ತು. ಆ ಹೊತ್ತಿನಲ್ಲಿ ದಿನಾ ಹಾಡುವುದು ಆಸಾ ದಿ ವಾರ್, ಗ್ರಂಥದಲ್ಲಿರುವ ಬೆಳಗಿನ ಕೀರ್ತನೆ. ನಮಗೆ ಪಂಜಾಬಿ ಎಲ್ಲಿ ಬರಬೇಕು? ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಹಿಂದಿಯಲ್ಲಿ ಅಲ್ಲಲ್ಲಿ ಅರ್ಥ ಹೇಳಿದರು. ಒಂದು ಕಡೆ ಗುರು ನಾನಕರು ಏನು ಹೇಳುತ್ತಾರೆ ಗೊತ್ತಾ? ಜಿಂಕೆ ಕೊಲ್ಲುವ ಬೇಟೆಗಾರ ಎಲ್ಲರಿಗಿಂತ ಎರಡರಷ್ಟು ಬಾಗುತ್ತಾನೆ. ಮನಸ್ಸು ಹೊಲಸಾಗಿದ್ದರೆ ತಲೆ ಬಾಗಿಸಿ ಏನು ಬಂತು? ಅದಕ್ಕೂ ಮುಂಚೆ ತಕ್ಕಡಿಯ ಮಾತು ಬರುತ್ತದೆ. ತೂಗಿ ನೋಡಿ, ಬಾಗಿದ ತಟ್ಟೆಯೇ ಭಾರದ್ದು.

ಅಪ್ಪ ಮುಂದಕ್ಕೆ ಜರುಗಿ ಕೂತರು. "ಇದನ್ನ ಇಲ್ಲೇ ಹಾಡ್ತಾರೇನ್ರಿ? ದಿನಾ?" ಅಂತ ಹರಕು ಹಿಂದಿಯಲ್ಲಿ ಕೇಳಿದರು. ದಿನಾ ಅಂದರು ಆ ಹಿರಿಯರು. ಎದುರಿಗೆ ಜನ ಸಾಲುಸಾಲಾಗಿ ಹಣೆ ನೆಲಕ್ಕೆ ಹಚ್ಚುತ್ತಿದ್ದಾರೆ, ಮೈಕಿನಲ್ಲಿ ಬೇಟೆಗಾರನೂ ಬಾಗುತ್ತಾನೆ ಅಂತ ಹಾಡು ಬರುತ್ತಿದೆ. ಅಪ್ಪನಿಗೆ ಬೇಟೆಗಾರ ಹಿಡಿಸಿದ. ಅಮ್ಮನಿಗೆ ತಕ್ಕಡಿ. ರೂಮಿಗೆ ಬರುವವರೆಗೂ ಇಬ್ಬರದೂ ಅದೇ ಜಗಳ, ಒಂದೇ ಹಾಡಿನ ಎರಡು ಸಾಲು ಹಿಡಿದುಕೊಂಡು.

ಬಾಗುವುದಕ್ಕೂ ಇಲ್ಲಿ ನಿಯಮದ ಪುಸ್ತಕ ಇದೆ. ಸಿಖ್ ರೆಹತ್ ಮರ್ಯಾದಾ, ಗುರುದ್ವಾರಗಳನ್ನು ನೋಡಿಕೊಳ್ಳುವ ಶಿರೋಮಣಿ ಗುರುದ್ವಾರಾ ಪ್ರಬಂಧಕ ಕಮಿಟಿ 1945ರಲ್ಲಿ ಒಪ್ಪಿದ್ದು. ಅದರ ಪ್ರಕಾರ ಗುರು ಗ್ರಂಥ ಸಾಹಿಬ್ ಮುಂದೆ ಸಿಖ್ಖರು ಹಣೆ ನೆಲಕ್ಕೆ ಹಚ್ಚಬೇಕು, ಮತ್ಥಾ ಟೇಕ್ನಾ ಅಂತಾರೆ. ಆದರೆ ಗ್ರಂಥದ ಮಂಚದ ಕಾಲು ಒತ್ತುವುದು, ಗೋಡೆಗೆ ಕಟ್ಟೆಗೆ ಮೂಗು ತಿಕ್ಕುವುದು, ಕೆಳಗೆ ನೀರಿಡುವುದು, ಗುರುಗಳ ಫೋಟೊಗೆ ನಮಸ್ಕರಿಸುವುದು, ಇವೆಲ್ಲ ಬೇಡ. ಮಂಚದ ಕಾಲು ಒತ್ತುವುದು! ಅಂದರೆ ಯಾರೋ ಒತ್ತುತ್ತಿದ್ದರು, ಪಾಪ, ಗುರುವಿಗೆ ದಣಿವಾಗಿದೆ ಅಂತ. ಇಲ್ಲದಿದ್ದರೆ ಯಾಕೆ ಬರೆಯಬೇಕಿತ್ತು? ನನಗೆ ಆ ಹೆಸರಿಲ್ಲದ ಭಕ್ತರ ಮೇಲೆ ಯಾಕೋ ಪ್ರೀತಿ ಬಂತು. ಅವರ ಕೈ ಇನ್ನೂ ನಿಂತಿಲ್ಲ. ಸರೋವರದ ದಂಡೆಯಲ್ಲಿ ಹಳೆಯ ಬೋರೆಮರ, ದುಖ್ ಭಂಜನಿ ಬೇರಿ ಅಂತ ಇದೆಯಲ್ಲ, ಅದರ ಹತ್ತಿರ ಕೈ ಚಾಚುವವರನ್ನು ನೋಡಿ.

ದೀಪ ಗಂಟೆಯ ಆರತಿಯೂ ಆ ಪುಸ್ತಕದ ಪ್ರಕಾರ ಇಲ್ಲ. ಆದರೆ ನಾಂದೇಡ್‌ನ ಹಜೂರ್ ಸಾಹಿಬ್‌ನಲ್ಲಿ ದೀಪ ಹಚ್ಚಿ ಆರತಿ ಮಾಡುತ್ತಾರೆ, ನಾನೇ ನೋಡಿದ್ದೇನೆ. ಹಾಡುವುದೋ, ಗುರು ನಾನಕರ ಪದವನ್ನೇ. ಆಕಾಶವೇ ತಟ್ಟೆ, ಸೂರ್ಯ ಚಂದ್ರರೇ ದೀಪ, ಬೇರೆ ಆರತಿ ಯಾಕೆ ಅನ್ನುವ ಪದ. ಅದನ್ನು ಹಾಡುತ್ತಾ ಕೈಯಲ್ಲಿ ದೀಪ. ತರ್ಕ ಹುಡುಕಬೇಡಿ. ನನಗೆ ಆ ದೀಪಗಳೂ ಇಷ್ಟ.

ಗ್ರಂಥದ ಒಳಗೂ ಇಂಥ ಗಲಾಟೆ ಇದೆ. ಅದರಲ್ಲಿ ಸಂತ ನಾಮದೇವರ ಪದಗಳಿವೆ. ಕೀಳು ಜಾತಿ ಅಂತ ಗುಡಿಯಿಂದ ಎಬ್ಬಿಸಿ ಕಳಿಸಿದಾಗ ಹಿಂದೆ ಹೋಗಿ ಕೂತು ಹಾಡಿದರು, ಗುಡಿಯೇ ಅವರ ಕಡೆ ತಿರುಗಿತು ಅಂತ ಅವರ ಪದವೇ ಹೇಳುತ್ತದೆ. ಕನಕನ ಕಿಂಡಿ ನೆನಪಾಗದ ಕನ್ನಡಿಗರು ಯಾರಿದ್ದಾರೆ? ಅಮ್ಮನಿಗೆ ಹೇಳಿದರೆ, "ಉಡುಪ್ಯಾಗ ಬರೀ ಕೃಷ್ಣ ತಿರುಗಿದ, ಇಲ್ಲಿ ಗುಡಿನೇ ತಿರುಗ್ಯದ" ಅಂದರು.

ರಾತ್ರಿಯ ಒಂದು ಮಾತು ಹೇಳಲೇಬೇಕು. ಗ್ರಂಥವನ್ನು ಪಲ್ಲಕ್ಕಿಯಲ್ಲಿ ಎದುರಿನ ಅಕಾಲ್ ತಖ್ತ್‌ಗೆ, ಅಂದರೆ ಸಿಖ್ಖರ ಪರಮೋಚ್ಚ ಪೀಠಕ್ಕೆ, ಕರೆದೊಯ್ಯುವ ಹೊತ್ತು. ಪಲ್ಲಕ್ಕಿಗೆ ಹೆಗಲು ಕೊಡಲು ನೂಕುನುಗ್ಗಲು. ಎರಡು ಹೆಜ್ಜೆ ಹೊತ್ತು ಇನ್ನೊಬ್ಬರಿಗೆ ಬಿಡಬೇಕು, ಮುಟ್ಟಿದರೂ ಸಾಕು ಅನ್ನುವ ಹಾಗೆ ಕೈಗಳು. ಎಲ್ಲವೂ ಗಂಡಸರ ಕೈ. ನಾವು ಹೆಂಗಸರು ಬದಿಯಲ್ಲಿ. ರೆಹತ್ ಮರ್ಯಾದಾದಲ್ಲಿ ಹೆಣ್ಣಿಗೆ ಅಡ್ಡಿಯಿಲ್ಲ, ಸಂಗತ್‌ನಲ್ಲಿ ಮುಖಕ್ಕೆ ಪರದೆ ಬೇಡ ಅಂತಲೂ ಇದೆ. ಆದರೂ ಒಳಗೆ ಕೀರ್ತನೆ ಹಾಡುವವರು ಗಂಡಸರೇ. 2019ರ ನವೆಂಬರ್‌ನಲ್ಲಿ ಪಂಜಾಬ್ ವಿಧಾನಸಭೆಯೇ, ಹೆಂಗಸರಿಗೂ ಇಲ್ಲಿ ಕೀರ್ತನೆಗೆ ಅವಕಾಶ ಕೊಡಿ ಅಂತ ನಿರ್ಣಯ ಮಾಡಿತು. ಅಮ್ಮ ಗುಂಪಿನ ಸಂದಿಯಿಂದ ಕೈ ತೂರಿಸಿದರು, ಪಲ್ಲಕ್ಕಿ ಎಟುಕಲಿಲ್ಲ. ಕೈಗೆ ಒಂದು ಗುಲಾಬಿ ಎಸಳು ಸಿಕ್ಕಿತು. ಅದನ್ನು ಪರ್ಸಿನಲ್ಲಿ ಇಟ್ಟುಕೊಂಡರು. "ಹೊರೋದು ಹೆಂಗಸರಿಗಿ ಬರೂದಿಲ್ಲೇನು? ನೀರು ಹೊತ್ತವ್ರು ಯಾರು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕೊನೆಗೆ ಲಂಗರ್, ಎಲ್ಲರಿಗೂ ಬಡಿಸುವ ಉಚಿತ ಊಟ. ಪಂಗತ್ ಅಂದರೆ ನಮ್ಮ ಪಂಕ್ತಿಯೇ, ಪಂಕ್ತಿಭೇದ ಒಂದಿಲ್ಲ. ಎಲ್ಲರೂ ನೆಲದ ಮೇಲೆ. ಅಮ್ಮ ಕುರ್ಚಿ ಹುಡುಕಿದರು. ಕುರ್ಚಿ ಇಲ್ಲಿ ಸಣ್ಣ ವಿಷಯ ಅಲ್ಲ. ಕೆನಡಾದ ಕೆಲವು ಗುರುದ್ವಾರಗಳಲ್ಲಿ ಮೇಜು ಕುರ್ಚಿ ಹಾಕಿ ಲಂಗರ್ ನಡೆಯುತ್ತಿತ್ತು. 1998ರಲ್ಲಿ ಅಕಾಲ್ ತಖ್ತ್ ಅದು ಬೇಡ ಅಂದಾಗ ಅಲ್ಲಿನ ಸಿಖ್ಖರು ಎರಡು ಪಾಲಾದರು. ನೆಲದಲ್ಲಿ ಕೂತರೇ ಸಮಾನತೆ ಅನ್ನುವುದು ಮಂಡಿ ಗಟ್ಟಿ ಇರುವವರ ಮಾತು ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಅಷ್ಟರಲ್ಲಿ ಪಕ್ಕದ ಪಂಜಾಬಿ ಹೆಂಗಸು ತಾನೇ ಜರುಗಿ, ಅಮ್ಮನ ಕಾಲು ಉದ್ದಕ್ಕೆ ಚಾಚಲು ಜಾಗ ಮಾಡಿಕೊಟ್ಟಳು. ಇಲ್ಲಿ ಭರ್ಜಿ ಹಿಡಿದವರು ಯಾರೂ ಬರಲಿಲ್ಲ.

ರೊಟ್ಟಿಯ ಬುಟ್ಟಿ ಬಂತು. ಬಡಿಸುವವನು "ಪ್ರಶಾದಾ ಜೀ" ಅನ್ನುತ್ತಾ ಬರುತ್ತಾನೆ. ರೊಟ್ಟಿಯನ್ನು ತಟ್ಟೆಗೆ ಹಾಕುವುದಿಲ್ಲ. ಎರಡೂ ಕೈ ಚಾಚಿ, ಬೊಗಸೆಯಲ್ಲಿ ತೆಗೆದುಕೊಳ್ಳಬೇಕು. ಒಂದು ಕೈ ಚಾಚಿದ ನನ್ನ ಮುಂದೆ ಅವನು ಸುಮ್ನೆ ನಿಂತ. ನಾನು ಗಡಿಬಿಡಿಯಲ್ಲಿ ಎರಡನೇ ಕೈ ಸೇರಿಸಿದೆ. ಅಪ್ಪನಿಗೆ ಹೇಳೋಣ ಅಂತ ತಿರುಗಿದರೆ, ಅವರ ಬೊಗಸೆ ಆಗಲೇ ಮುಂದಿತ್ತು. ರೊಟ್ಟಿ ಬಿದ್ದ ಕೂಡಲೇ ಸಣ್ಣಗೆ ತಲೆ ಆಡಿಸಿದರು ಕೂಡ.

"ಇದು ನಿಮಗ ಹೆಂಗ ಗೊತ್ತು?"

ಅಪ್ಪ ರೊಟ್ಟಿ ಮುರಿಯುತ್ತಾ, ನಮ್ಮಿಬ್ಬರನ್ನೂ ನೋಡದೆ ಹೇಳಿದರು. ಬೀದರಿನಲ್ಲಿ ಕಾಲೇಜು ಓದುವಾಗ ತಿಂಗಳ ಕೊನೆಗೆ ದುಡ್ಡು ಮುಗಿಯುತ್ತಿತ್ತಂತೆ. ಆಗ ನಾನಕ ಝಿರಾಕ್ಕೆ ಹೋಗಿ ಲಂಗರಿನಲ್ಲಿ ಊಟ ಮಾಡಿ ಬರುತ್ತಿದ್ದರಂತೆ. ನಾನಕರು ಕಲ್ಲು ಸರಿಸಿ ಸಿಹಿನೀರು ಹರಿಸಿದರು ಅನ್ನುವ ಊಟೆ ಇದೆಯಲ್ಲ, ಅಲ್ಲಿ. ಎರಡು ವರ್ಷ.

ಅಮ್ಮ ದಾಲ್ ಬಟ್ಟಲು ಕೆಳಗಿಟ್ಟರು. "ಮದುವ್ಯಾಗಿ ಇಷ್ಟು ವರ್ಷ ಆತು, ಝಿರಾಕ್ಕ ಕರಕೊಂಡು ಹೋಗ್ರಿ ಅಂದಾಗೆಲ್ಲ ನಾ ಅಲ್ಲೆಲ್ಲ ಬರಂಗಿಲ್ಲ ಅಂತಿದ್ರಲ್ಲ!"

"ನಮಸ್ಕಾರಕ್ಕ ಬರಂಗಿಲ್ಲ ಅಂದಿದ್ದೆ" ಅಂದರು ಅಪ್ಪ. ಬುಟ್ಟಿಯವನು ತಿರುಗಿ ಬರುತ್ತಿದ್ದ. ಅಪ್ಪ ಮತ್ತೆ ಎರಡೂ ಕೈ ಚಾಚಿದರು.