ಸೋಡಾ ಪುಡಿಗೆ ವಿನೆಗರ್ ಬಿದ್ದಾಗ ಆಗೋದೇನು?

(ದೃಶ್ಯ: ಮಡಿಕೇರಿಯ ಅಡುಗೆಮನೆ. ಒಂದು ಲೀಟರ್ ಬಾಟಲಿ, ಬಲೂನು, ಸಣ್ಣ ತಕ್ಕಡಿ.)

ನಮಸ್ಕಾರ. ಪಂದಿಕರಿ ಮಾಡಿದ ಮರುದಿನ ಸಿಂಕಿನಲ್ಲಿ ನೀರು ಇಳೀತಿಲ್ಲ. ಅಡುಗೆ ಸೋಡಾ ಸುರಿದು ವಿನೆಗರ್ ಹಾಕ್ತೀರಿ. ಬುರಬುರ ನೊರೆ ಬರುತ್ತೆ, ನೀರು ಮಾತ್ರ ನಿಂತಲ್ಲೇ ನಿಂತಿರುತ್ತೆ. ಯಾಕೆ ಅಂತ ಅಳೆದು ನೋಡೋಣ.

ಬಾಟಲಿಗೆ 100 ಮಿ.ಲೀ. ವಿನೆಗರ್ ಹಾಕಿ. ಲೇಬಲ್ ಮೇಲೆ ಶೇ. 5 ಅಂತಿದ್ದರೆ ಇದರಲ್ಲಿ 5 ಗ್ರಾಂ ಅಸಿಟಿಕ್ ಆಮ್ಲ ಇದೆ. ಇದಕ್ಕೆ ಸರಿಹೋಗೋ ಸೋಡಾ 7 ಗ್ರಾಂ, ಸುಮಾರು ಒಂದೂವರೆ ಟೀ ಚಮಚ. ಶೇ. 4 ಆದರೆ 5.6 ಗ್ರಾಂ ಸಾಕು. ಜಾಸ್ತಿ ಹಾಕಿದರೆ ನೊರೆ ಜಾಸ್ತಿ ಆಗಲ್ಲ, ಮಿಕ್ಕ ಸೋಡಾ ಹಾಗೇ ಉಳಿಯುತ್ತೆ.

ಸೋಡಾವನ್ನು ಬಲೂನಿಗೆ ತುಂಬಿ, ಬಾಟಲಿ ಬಾಯಿಗೆ ಬಿಗಿದು, ಬಲೂನನ್ನು ಎತ್ತಿ ಹಿಡೀರಿ.

(ಹತ್ತಿರದಿಂದ: ಪುಡಿ ಬಿದ್ದ ಕಡೆಯೆಲ್ಲ ಬಿಳಿ ನೊರೆ ಏಳುತ್ತದೆ, ಬಲೂನು ಸುಕ್ಕು ಬಿಚ್ಚಿ ನಿಲ್ಲುತ್ತದೆ.)

ಮೊದಲು ಕಾರ್ಬಾನಿಕ್ ಆಮ್ಲ ಆಗಿ, ಅದು ಆ ಕ್ಷಣವೇ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತೆ. ಬಾಟಲಿ ಮುಟ್ಟಿ ನೋಡಿ, ತಣ್ಣಗಿದೆ. ಈ ಕ್ರಿಯೆ ಶಾಖ ಹೀರಿಕೊಳ್ಳುತ್ತೆ. ಸಮುದ್ರದ ಮಟ್ಟದಲ್ಲಿ 2 ಲೀಟರ್ ಬರೋ ಅನಿಲ, ಅದೇ ಉಷ್ಣಾಂಶದಲ್ಲಿ ಮಡಿಕೇರಿಯಲ್ಲಿ 2.3 ಲೀಟರ್ ಹತ್ತಿರ ಬರುತ್ತೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಅದಕ್ಕೇ.

ಈಗ ಬಾಟಲಿಯಲ್ಲಿ ಉಳಿದಿದ್ದು ಸೋಡಿಯಂ ಅಸಿಟೇಟ್ ಅನ್ನೋ ಲವಣದ ನೀರು. ಆಮ್ಲವೂ ಇಲ್ಲ, ಸೋಡಾವೂ ಇಲ್ಲ. ಒಂದನ್ನೊಂದು ತೀರಿಸಿಬಿಟ್ಟಿವೆ. ಪೈಪಿನಲ್ಲಿ ಹೆಪ್ಪುಗಟ್ಟಿದ ಕೊಬ್ಬಿಗೆ ಈ ನೀರಿನಿಂದ ಏನೂ ಆಗಲ್ಲ. ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಮತ್ತು ಬಿಸಿನೀರು ಬೇಕು, ಪಿವಿಸಿ ಪೈಪಾದರೆ ಕುದಿಯೋ ನೀರು ಬೇಡ. ಸೀದ ಪಾತ್ರೆ ಉಜ್ಜೋಕೆ ಒದ್ದೆ ಸೋಡಾ ಒಂದೇ ಸಾಕು. ಕೆಟಲಿನ ಬಿಳಿ ಪದರಕ್ಕೆ ವಿನೆಗರ್ ಒಂದೇ ಸಾಕು. ಬೆರೆಸಿದರೆ ಎರಡೂ ವ್ಯರ್ಥ.

ದಯವಿಟ್ಟು ಗಮನಿಸಿ: ಬೆರೆಸಿದ್ದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗೀಬೇಡಿ, ಸಿಡಿಯುತ್ತೆ. ವಿನೆಗರ್ ಜೊತೆ ಬ್ಲೀಚ್ ಸೇರಿಸಲೇಬೇಡಿ. ಅದರಿಂದ ಬರೋದು ಕ್ಲೋರಿನ್, ವಿಷಾನಿಲ.

(ದೃಶ್ಯ: ಕಪ್ಪು ಕಾಚಂಪುಳಿಯ ಶೀಶೆ.)

ಪಂದಿಕರಿಗೆ ಹುಳಿಗಾಗಿ ಹಾಕೋ ಕಾಚಂಪುಳಿಯಲ್ಲೂ ಆಮ್ಲ ಇದೆ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಕರಿ ಹುಳಿ ಆಯ್ತು ಅಂತ ಸೋಡಾ ಹಾಕಿದರೆ ಹುಳಿ ಇಳಿಯುತ್ತೆ ನಿಜ, ಆದರೆ ಕಾಚಂಪುಳಿ ಹಾಕಿದ್ದೇ ದಂಡ. ಸೋಡಾ ಹೆಚ್ಚಾದರೆ ಸೋಪಿನ ರುಚಿ ಬೇರೆ. ಮಳೆಗಾಲದಲ್ಲಿ ಡಬ್ಬದ ಸೋಡಾ ಗಂಟು ಕಟ್ಟಿದ್ದರೆ ಒಂದು ಚಿಟಿಕೆ ಪುಡಿ ಮಾಡಿ, ಮೇಲೆ ನಾಲ್ಕು ಹನಿ ಕಾಚಂಪುಳಿ ಬಿಡಿ. ತಕ್ಷಣ ಕಂದು ನೊರೆ ಉಕ್ಕಿತಾ? ಸೋಡಾ ಚೆನ್ನಾಗಿದೆ, ಗಂಟು ಒಡೆದು ಬಳಸಿ.