ಸಣ್ಣ ಊರಿಗೆ ಬೊಕೆ ಕಳಿಸಬೇಕಾ? ಫೋಟೋ ನೋಡಬೇಡಿ, ಫೋನ್ ಮಾಡಿ

[ದೃಶ್ಯ: ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಬುಟ್ಟಿಯಲ್ಲಿ ಹಳದಿ, ಕೇಸರಿ ಜರ್ಬೆರಾ]

ನಮಸ್ಕಾರ. ನಮ್ಮ ಚಿಕ್ಕಮ್ಮ ಸಾಗರದಲ್ಲಿದ್ದಾರೆ. ಶಿವಮೊಗ್ಗ ಜಿಲ್ಲೆಯ ಸಾಗರ. ಮಂಡಿ ಆಪರೇಷನ್ ಆಗಿ ಮೊನ್ನೆ ಮನೆಗೆ ಬಂದರು. ನಾನಿರುವುದು ಬೆಂಗಳೂರಿನಲ್ಲಿ. ಆ ವಾರ ಹೋಗಲು ಆಗಲಿಲ್ಲ. ಮಲಗಿದ ಕಡೆಯಿಂದಲೇ ಕಾಣುವ ಹಾಗೆ ಅವರ ಕೋಣೆಯಲ್ಲಿ ಒಂದಿಷ್ಟು ಬಣ್ಣದ ಹೂ ಇರಲಿ ಅನ್ನಿಸಿತು. ಕಳಿಸಿದೆ, ತಲುಪಿತು, ಅವರಿಗೆ ತುಂಬಾ ಖುಷಿಯಾಯಿತು.

ಆದರೆ ಎರಡು ವರ್ಷದ ಹಿಂದೆ ಇದೇ ಚಿಕ್ಕಮ್ಮನ ಹುಟ್ಟುಹಬ್ಬಕ್ಕೆ ಕಳಿಸಿದಾಗ ಹೀಗಾಗಿರಲಿಲ್ಲ. ಒಂದು ವೆಬ್‌ಸೈಟಿನಲ್ಲಿ ಸೂರ್ಯಕಾಂತಿ, ಕೇಸರಿ ಲಿಲ್ಲಿ ಇದ್ದ ಚೆಂದದ ಫೋಟೋ ನೋಡಿ ದುಡ್ಡು ಕಟ್ಟಿದ್ದೆ. ರಾತ್ರಿ ಎಂಟಕ್ಕೆ ಹೋಗಿ ಮುಟ್ಟಿದ್ದು ಮಿಂಚು ಉದುರಿಸಿದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹತ್ತು ಕೆಂಪು ಗುಲಾಬಿ. ಅರ್ಧ ಆಗಲೇ ತಲೆ ಬಗ್ಗಿಸಿದ್ದವು. ಕಾರ್ಡಿನಲ್ಲಿ ನನ್ನ ಹೆಸರೇ ಇರಲಿಲ್ಲ. ಚಿಕ್ಕಮ್ಮ ಫೋನ್ ಮಾಡಿ, "ಯಾರೋ ಹೂ ಕೊಟ್ಟು ಹೋದ್ರು ಮಾರಾಯ್ತಿ, ನಿಂದೇನಾ?" ಎಂದು ಕೇಳಿದರು. ನನಗೆ ಬಹಳ ಬೇಜಾರಾಯಿತು.

ಹೀಗೆ ಯಾಕಾಗುತ್ತದೆ? ಗೊತ್ತಿದ್ದರೆ ತಪ್ಪಿಸುವುದು ಸುಲಭ.

[ದೃಶ್ಯ: ಹಳೆಯ ತಂತಿ ಯಂತ್ರದ ಚಿತ್ರ]

ದೂರದ ಊರಿಗೆ ಹೂ ಕಳಿಸುವ ಉಪಾಯ ನೂರು ವರ್ಷಕ್ಕಿಂತ ಹಳೆಯದು. 1910ರಲ್ಲಿ ಅಮೆರಿಕದ ಕೆಲವು ಹೂವಿನ ಅಂಗಡಿಯವರು ಸೇರಿ ಫ್ಲೋರಿಸ್ಟ್ಸ್ ಟೆಲಿಗ್ರಾಫ್ ಡೆಲಿವರಿ ಅನ್ನುವ ಕೂಟ ಕಟ್ಟಿದರು. ನೀವು ನಿಮ್ಮ ಊರಿನ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಅವರು ಹೂ ಮುಟ್ಟಬೇಕಾದ ಊರಿನ ಅಂಗಡಿಗೆ ತಂತಿ, ಅಂದರೆ ಟೆಲಿಗ್ರಾಂ, ಕಳಿಸುತ್ತಿದ್ದರು. ಅಲ್ಲಿಯವರು ಅಲ್ಲಿಯ ಹೂವಿನಲ್ಲೇ ಬೊಕೆ ಕಟ್ಟಿ ಮನೆಗೆ ಮುಟ್ಟಿಸುತ್ತಿದ್ದರು. ಊರಿಂದ ಊರಿಗೆ ಹೋಗುತ್ತಿದ್ದುದು ಮಾತು ಮಾತ್ರ, ಹೂವಲ್ಲ.

ಈಗಿನ ಎಷ್ಟೋ ವೆಬ್‌ಸೈಟ್‌ಗಳು ಮಾಡುವುದೂ ಇದನ್ನೇ. ನೀವು ಪಿನ್ ಕೋಡ್ ಹಾಕುತ್ತೀರಿ, ಡೆಲಿವರಿ ಇದೆ ಎಂದು ಬರುತ್ತದೆ. ಆಮೇಲೆ ಆ ಆರ್ಡರ್ ಸಾಗರದ ಯಾವುದೋ ಅಂಗಡಿಗೆ ಹೋಗುತ್ತದೆ. ನಡುವಿನವರು ತಮ್ಮ ಪಾಲು ಇಟ್ಟುಕೊಂಡು ಉಳಿದದ್ದನ್ನು ಅಂಗಡಿಯವರಿಗೆ ಕೊಡುತ್ತಾರೆ. ಫೋಟೋದಲ್ಲಿರುವ ಸೂರ್ಯಕಾಂತಿ ಆ ದಿನ ಸಾಗರದಲ್ಲಿ ಇದೆಯೋ ಇಲ್ಲವೋ, ಯಾರೂ ಕೇಳಿರುವುದಿಲ್ಲ. ಅಂಗಡಿಯವರು ಪಾಪ, ಇದ್ದದ್ದರಲ್ಲಿ ಕಟ್ಟಿ ಕಳಿಸುತ್ತಾರೆ. ಅವರ ಮೇಲೆ ಸಿಟ್ಟಾಗುವುದು ಸರಿಯಲ್ಲ.

ಆದ್ದರಿಂದ ಈ ಸಲ ನಾನು ನೇರವಾಗಿ ಸಾಗರದ ಅಂಗಡಿಗೇ ಫೋನ್ ಮಾಡಿದೆ.

ನಂಬರ್ ಎಲ್ಲಿ ಸಿಗುತ್ತದೆ? ಮ್ಯಾಪಿನಲ್ಲಿ ಬೊಕೆ ಎಂದಷ್ಟೇ ಹುಡುಕಿದರೆ ಸಣ್ಣ ಊರಿನಲ್ಲಿ ಕೆಲವು ಸಲ ಏನೂ ಸಿಗುವುದಿಲ್ಲ. ಫ್ಲವರ್ ಡೆಕೋರೇಷನ್ ಎಂದು ಹುಡುಕಿ. ಯಾಕೆಂದರೆ ಇಂಥ ಊರುಗಳಲ್ಲಿ ಬೊಕೆ ಕಟ್ಟುವವರು ಸಾಮಾನ್ಯವಾಗಿ ಮಂಟಪದ ಅಲಂಕಾರ, ಮದುವೆ ಕಾರಿನ ಅಲಂಕಾರ ಮಾಡುವವರೇ. ಅದೂ ಸಿಗದಿದ್ದರೆ ಊರಿನ ಕಲ್ಯಾಣ ಮಂಟಪಕ್ಕೆ ಫೋನ್ ಮಾಡಿ, "ನಿಮ್ಮಲ್ಲಿ ಹೂವಿನ ಅಲಂಕಾರ ಯಾರು ಮಾಡ್ತಾರೆ?" ಎಂದು ಕೇಳಿ. ಅಲ್ಲಿ ನಂಬರ್ ಸಿಗುತ್ತದೆ.

[ದೃಶ್ಯ: ಫೋನ್ ಕಿವಿಗೆ ಹಿಡಿದು ಮಾತಾಡುವುದು]

ಈಗ ಮಾತು. ಬೊಕೆ ಚೆನ್ನಾಗಿ ಬರುವುದೂ ಕೆಡುವುದೂ ಇಲ್ಲೇ. ನಮ್ಮ ಮಾತುಕತೆ ಹೆಚ್ಚುಕಡಿಮೆ ಹೀಗಿತ್ತು.

"ಅಣ್ಣ, ನಮಸ್ಕಾರ. ಬೆಂಗಳೂರಿಂದ ಮಾತಾಡ್ತಿದೀನಿ. ಸಾಗರದಲ್ಲೇ ಒಂದು ಮನೆಗೆ ಬೊಕೆ ಕೊಡಬೇಕಿತ್ತು."

"ಹೇಳಿ ಅಕ್ಕ. ಯಾವತ್ತಿಗೆ?"

"ನಾಳೆ ಅಥವಾ ನಾಡಿದ್ದು. ಹೊಸ ಹೂ ನಿಮಗೆ ಯಾವತ್ತು ಬರುತ್ತೆ?"

"ನಾಡಿದ್ದು ಬೆಳಿಗ್ಗೆ ಬಸ್ಸಿಗೆ ಬಾಕ್ಸ್ ಬರುತ್ತೆ."

"ಹಾಗಾದ್ರೆ ನಾಡಿದ್ದೇ ಮಾಡಿ. ಏನೇನು ಬರ್ತಿದೆ?"

"ಜರ್ಬೆರಾ ಇದೆ, ಗುಲಾಬಿ ಇದೆ. ಸೇವಂತಿಗೆ ಇಲ್ಲೇ ಸಿಗುತ್ತೆ."

ಯಾವತ್ತು ಬರುತ್ತೆ ಅನ್ನುವ ಆ ಒಂದು ಪ್ರಶ್ನೆಯಿಂದ ನನಗೆ ತಾಜಾ ಹೂ ಸಿಕ್ಕಿತು. ಅಂಗಡಿಯ ಗುಲಾಬಿ, ಜರ್ಬೆರಾ ಹೆಚ್ಚಾಗಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್‌ನಲ್ಲಿ ಬೆಳೆದವು. ಬೆಂಗಳೂರಿನ ಸುತ್ತಮುತ್ತ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಹೊಸೂರು ಕಡೆ ಇವನ್ನು ಬೆಳೆಯುತ್ತಾರೆ. ರಟ್ಟಿನ ಡಬ್ಬದಲ್ಲಿ ರಾತ್ರಿ ಬಸ್ಸು ಹತ್ತಿ ಮಲೆನಾಡಿಗೆ ಬರುತ್ತವೆ. ಡಬ್ಬ ಬಂದ ದಿನ ಕಟ್ಟಿದ ಬೊಕೆಗೂ ಮೂರು ದಿನ ಬಕೆಟ್ಟಿನಲ್ಲಿ ನಿಂತ ಹೂವಿನ ಬೊಕೆಗೂ ಅಜಗಜಾಂತರ. ನಿಮ್ಮ ತಾರೀಖು ಒಂದು ದಿನ ಹಿಂದೆ ಮುಂದೆ ಆದರೆ ನಡೆಯುತ್ತದೆ ಎಂದಾದರೆ ಡಬ್ಬ ಬರುವ ದಿನವನ್ನೇ ಹಿಡಿಯಿರಿ.

ಇನ್ನೊಂದು ಲೆಕ್ಕವಿದೆ, ಹೊರಗಿನವರಿಗೆ ಇದು ಕಾಣುವುದಿಲ್ಲ. ಜರ್ಬೆರಾ ಸಾಮಾನ್ಯವಾಗಿ ಹತ್ತರ ಕಟ್ಟಿನಲ್ಲಿ ಬರುತ್ತದೆ. ಗುಲಾಬಿ ಇಪ್ಪತ್ತರ ಕಟ್ಟು. ನೀವು ಎರಡೇ ಎರಡು ಲಿಲ್ಲಿ ಬೇಕು ಎಂದರೂ ಅಂಗಡಿಯವರು ಇಡೀ ಕಟ್ಟು ತರಿಸಬೇಕು. ಉಳಿದದ್ದನ್ನು ಕೊಳ್ಳುವವರು ಆ ವಾರ ಊರಿನಲ್ಲಿ ಇರಲಿಕ್ಕಿಲ್ಲ. ಬಾಡಿದರೆ ನಷ್ಟ ಅವರದ್ದೇ. ಆದ್ದರಿಂದ ಹೂವಿನ ಹೆಸರು ಹಿಡಿದು ಹಟ ಮಾಡಬೇಡಿ. ಮೂರು ವಿಷಯ ಹೇಳಿ: ಬಣ್ಣ, ಯಾರಿಗೆ, ಎಷ್ಟು ದುಡ್ಡು. ನಾನು ಹೇಳಿದ್ದು ಇಷ್ಟೇ. "ಹಳದಿ, ಕೇಸರಿ, ಸ್ವಲ್ಪ ಗುಲಾಬಿ ಬಣ್ಣ. ಹುಷಾರಿಲ್ಲದೆ ಮಲಗಿರೋ ಹಿರಿಯರಿಗೆ, ನೋಡಿದ್ರೆ ಖುಷಿ ಆಗ್ಬೇಕು. 700 ರೂಪಾಯಿ ಒಳಗೆ." ಇಂಥದ್ದೇ ಹೂ ಬೇಕೇಬೇಕು ಎಂದಿದ್ದರೆ ಇಡೀ ಕಟ್ಟನ್ನೇ ನೀವು ಕೊಳ್ಳಿ. ಹತ್ತು ಜರ್ಬೆರಾ ಒಟ್ಟಿಗೆ ಇಟ್ಟರೆ ನೋಡಲು ಬಹಳ ಚೆಂದ.

[ದೃಶ್ಯ: ಜರ್ಬೆರಾ ಹತ್ತಿರದಿಂದ, ಟೊಳ್ಳು ಕಾಂಡ ಕತ್ತರಿಸಿ ತೋರಿಸುವುದು]

ಖುಷಿಯ ಬೊಕೆಗೆ ನನ್ನ ಮೊದಲ ಆಯ್ಕೆ ಜರ್ಬೆರಾ. ಮುಖ ಅಗಲ, ಬಣ್ಣ ಗಾಢ. ಇಂಥ ಹೂ ಐದಾರು ಇದ್ದರೆ ಕೋಣೆಯೇ ಬೆಳಗಿದ ಹಾಗಿರುತ್ತದೆ. ಅದಕ್ಕೆ ಒಂದೇ ತೊಂದರೆ, ಕುತ್ತಿಗೆ. ಕಾಂಡ ಟೊಳ್ಳು, ತಲೆ ಭಾರ. ಕಾಂಡದೊಳಗೆ ನೀರು ಹತ್ತುವುದು ನಿಂತರೆ ಬಗ್ಗುತ್ತದೆ. ಅದಕ್ಕೇ ಅಂಗಡಿಯವರು ತಂತಿ ಸುತ್ತುತ್ತಾರೆ. ನೋಡಲು ಸ್ವಲ್ಪ ಒರಟು, ಆದರೆ ಬೇಡ ಎನ್ನಬೇಡಿ.

ಸೇವಂತಿಗೆ ಅಗ್ಗ, ಬಾಳಿಕೆ ಜಾಸ್ತಿ. ಹಳದಿ ಸೇವಂತಿಗೆಯನ್ನು ಜರ್ಬೆರಾ ನಡುವೆ ತುಂಬಿದರೆ ಬುಟ್ಟಿ ತುಂಬಿದಂತೆ ಕಾಣುತ್ತದೆ. ಬರೀ ಬಿಳಿ ಹೂವಿನ ಬೊಕೆ ಮಾತ್ರ ಹುಷಾರಿಲ್ಲದವರ ಮನೆಗೆ ಬೇಡ. ನೋಡುವ ಹಿರಿಯರ ಮನಸ್ಸಿಗೆ ಬೇರೆ ಏನೋ ಹೊಳೆಯಬಹುದು. ಲಿಲ್ಲಿ ಹಾಕಿಸುವುದಾದರೆ ಆ ಮನೆಯಲ್ಲಿ ಬೆಕ್ಕು ಇದೆಯಾ ಕೇಳಿಕೊಳ್ಳಿ. ಲಿಲ್ಲಿಯ ಎಲೆ, ಪರಾಗ ಎರಡೂ ಬೆಕ್ಕಿಗೆ ವಿಷ, ಕಿಡ್ನಿಯೇ ಹೋಗುತ್ತದೆ.

ಆಮೇಲೆ ಆ ಊರಿನದ್ದೇ ಹೂ ಕೇಳಿ. ಈ ಮಾತನ್ನು ನಾನು ಮನಸಾರೆ ಹೇಳುತ್ತಿದ್ದೇನೆ. ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಮನೆ ಅಂಗಳದಲ್ಲಿ ಡೇರೆ ಹೂ, ಅಂದರೆ ಡೇಲಿಯಾ. ತಟ್ಟೆಯಷ್ಟಗಲ ಅರಳುತ್ತದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಗಡ್ಡೆ ಹಂಚಿಕೊಂಡು ಬೆಳೆಸುತ್ತಾರೆ. ಕುಯ್ದ ಮೇಲೆ ಮೂರ್ನಾಲ್ಕು ದಿನ ಮಾತ್ರ ಇರುತ್ತದೆ, ಆದರೂ ಎರಡು ಇದ್ದರೆ ಸಾಕು, ಆ ಬೊಕೆ ಬೇರೆಯೇ. ಅಡಿಕೆ ತೋಟದ ನೆರಳಿನಲ್ಲಿ ಆಂಥೂರಿಯಂ, ಹೆಲಿಕೋನಿಯಾ ಬೆಳೆಯುವವರೂ ಇದ್ದಾರೆ. ಹಸಿರಿಗೆ ಪ್ಲಾಸ್ಟಿಕ್ ಎಲೆ ಬೇಡ ಅನ್ನಿ. ಜರಿಗಿಡದ ಎಲೆ, ಕ್ರೋಟನ್ ಎಲೆ ಆ ಕಡೆ ಎಲ್ಲೆಲ್ಲೂ ಇದೆ.

ಇನ್ನೊಂದು ಪುಟ್ಟ ವಿಷಯ. ನಮ್ಮ ಚಿಕ್ಕಮ್ಮನಂಥವರಿಗೆ ಬೊಕೆ ಬರೀ ನೋಡುವ ವಸ್ತು. ಅದನ್ನು ಮುಡಿಯುವ ಹಾಗಿಲ್ಲ, ದೇವರಿಗೆ ಏರಿಸಲೂ ಮನಸ್ಸಾಗುವುದಿಲ್ಲ. ಹಾಗಾಗಿ ಬೊಕೆ ಜೊತೆ ಎರಡು ಮೊಳ ಕಟ್ಟಿದ ಮಲ್ಲಿಗೆ ಬೇರೆ ಇಡಲು ಹೇಳಿದೆ. ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟಿದ್ದರು. ಘಟ್ಟದ ಕೆಳಗಿನ ಭಟ್ಕಳ ಮಲ್ಲಿಗೆ ಸಿಕ್ಕರಂತೂ ಇನ್ನೂ ಒಳ್ಳೆಯದು.

ಕೈಯಲ್ಲಿ ಹಿಡಿಯುವ ಬೊಕೆಯೋ ಬುಟ್ಟಿಯೋ? ಮಲಗಿದವರ ಮನೆಗೆ ಬುಟ್ಟಿ. ಹೂದಾನಿ ಹುಡುಕುವ ಕೆಲಸ ಅವರಿಗೆ ಕೊಡಬಾರದು. ಬುಟ್ಟಿಯೊಳಗೆ ಹಸಿರು ಸ್ಪಂಜು ಇರುತ್ತದೆ. ಅದನ್ನು 1954ರಲ್ಲಿ ಅಮೆರಿಕದ ವರ್ನನ್ ಸ್ಮಿಥರ್ಸ್ ಎಂಬವರು ಹೊರತಂದರು. ಒಂದು ಜಾತಿಯ ಪ್ಲಾಸ್ಟಿಕ್ಕೇ ಅದು, ಮಣ್ಣಿನಲ್ಲಿ ಕರಗುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಬೇಡಿ. ಸ್ಪಂಜು ಬೇಡ ಎಂದರೆ ಬುಟ್ಟಿಯೊಳಗೆ ನೀರು ತುಂಬಿದ ಡಬ್ಬಿ ಇಟ್ಟು ಕಟ್ಟಿಕೊಡಲು ಕೇಳಬಹುದು. ನಾನು ಹಾಗೇ ಕೇಳಿದೆ, ಒಪ್ಪಿದರು.

[ದೃಶ್ಯ: ಕ್ಯಾಲೆಂಡರ್ ಪುಟ ತಿರುವುವುದು]

ಆರ್ಡರ್ ಮಾಡುವ ಮೊದಲು ಗೋಡೆಯ ಕ್ಯಾಲೆಂಡರ್ ಒಮ್ಮೆ ನೋಡಿ. ದೊಡ್ಡ ಮುಹೂರ್ತದ ದಿನ ಅಂಗಡಿಯವರು ಮಂಟಪದಲ್ಲಿರುತ್ತಾರೆ, ಹೂವೂ ಅಲ್ಲೇ ಇರುತ್ತದೆ. ವರಮಹಾಲಕ್ಷ್ಮಿ, ಗಣೇಶನ ಹಬ್ಬ, ಆಯುಧಪೂಜೆಗೆ ಸೇವಂತಿಗೆ ದರ ಏರುತ್ತದೆ. ಫೆಬ್ರವರಿ 14ಕ್ಕೆ ಗುಲಾಬಿಯದ್ದು. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಆಗ ಪೇಟೆಯ ಜನದ ನಡುವೆ ಬುಟ್ಟಿ ಹಿಡಿದು ಹೋಗುವುದೇ ಕಷ್ಟ. ಆಷಾಢದಲ್ಲಿ ಮದುವೆ ಇಲ್ಲ, ಅಂಗಡಿಯವರಿಗೆ ಬಿಡುವು. ನಿಮ್ಮ ಬೊಕೆಗೆ ಜಾಸ್ತಿ ಗಮನ ಸಿಗುತ್ತದೆ.

ವಿಳಾಸದ ಬಗ್ಗೆ ಎರಡು ಮಾತು. ಪಿನ್ ಕೋಡ್ 1972ರಲ್ಲಿ ಶುರುವಾದದ್ದು ಟಪಾಲು ವಿಂಗಡಿಸಲು. ಒಂದೇ ಪಿನ್ ಕೋಡಿನೊಳಗೆ ಪೇಟೆಯೂ ಇರಬಹುದು, ಸುತ್ತಲಿನ ಹಳ್ಳಿಯೂ ಇರಬಹುದು. ಮನೆ ಹುಡುಕಲು ಅದರಿಂದ ಪ್ರಯೋಜನ ಕಡಿಮೆ. ಬೊಕೆ ತರುವವರು ಅಂಗಡಿಯ ಹುಡುಗ ಅಥವಾ ಪರಿಚಯದ ಆಟೋದವರು. ಅವರಿಗೆ ಗುರುತು ಹೇಳಿ: ಯಾವ ದೇವಸ್ಥಾನದ ಹಿಂದೆ, ಯಾವ ಅಕ್ಕಿ ಗಿರಣಿಯ ಎದುರು, ಗೇಟಿನ ಬಣ್ಣ ಯಾವುದು. ಲೊಕೇಶನ್ ವಾಟ್ಸಾಪಿನಲ್ಲಿ ಕಳಿಸಿ. ಹಿರಿಯರು ಗೊತ್ತಿಲ್ಲದ ನಂಬರ್ ಎತ್ತುವುದಿಲ್ಲ, ಎತ್ತದೇ ಇರುವುದೇ ಒಳ್ಳೆಯದು. ಆದ್ದರಿಂದ ಪಕ್ಕದ ಮನೆಯವರ ನಂಬರನ್ನು ಅವರನ್ನು ಕೇಳಿ ಕೊಡಿ. ನಾನು ಪಕ್ಕದ ಮನೆ ಅತ್ತಿಗೆಗೆ ಮೊದಲೇ ಹೇಳಿಟ್ಟಿದ್ದೆ. ಬೆಳಿಗ್ಗೆ ಹನ್ನೊಂದರ ಒಳಗೆ ಮುಟ್ಟಿಸಲು ಹೇಳಿ, ಮಧ್ಯಾಹ್ನದ ಬಿಸಿಲಿನಲ್ಲಿ ಸ್ಕೂಟರ್ ಮೇಲೆ ಹೋದರೆ ಹೂ ಬಾಡುತ್ತದೆ.

ಕಾರ್ಡಿನ ಮಾತನ್ನು ಫೋನಿನಲ್ಲಿ ಹೇಳಬೇಡಿ. ಕಾಗದದ ಮೇಲೆ ನೀವೇ ಕನ್ನಡದಲ್ಲಿ ಬರೆದು ಫೋಟೋ ಕಳಿಸಿ. ಬೇಗ ಓಡಾಡುವ ಹಾಗಾಗಿ ಚಿಕ್ಕಮ್ಮ, ದೀಪಾವಳಿಗೆ ಬರ್ತೀನಿ ಅಂತ ಬರೆದಿದ್ದೆ. ಅದನ್ನು ಪ್ರಿಂಟ್ ತೆಗೆಸಿ ಅಂಟಿಸಿದ್ದರು. ಅಂಗಡಿ ಬಿಡುವ ಮೊದಲು ಬುಟ್ಟಿಯ ಫೋಟೋ ತರಿಸಿಕೊಳ್ಳಿ. ಅರ್ಧ ದುಡ್ಡು ಮೊದಲು, ಉಳಿದದ್ದು ಫೋಟೋ ನೋಡಿದ ಮೇಲೆ. ಯುಪಿಐ ಇರುವಾಗ ಇದು ಎರಡು ನಿಮಿಷದ ಕೆಲಸ. ಡೆಲಿವರಿ ಹುಡುಗನಿಗೆ ಬೇರೆ ಐವತ್ತು ರೂಪಾಯಿ ಕಳಿಸಿ.

[ದೃಶ್ಯ: ಸ್ಟೀಲ್ ಚೊಂಬಿನಲ್ಲಿ ಹೂ ಇಡುವುದು, ಕಾಂಡ ಓರೆಯಾಗಿ ಕತ್ತರಿಸುವುದು]

ಹೂ ತಲುಪಿದ ಮೇಲೆ ಮನೆಯವರಿಗೆ ಇಷ್ಟು ಹೇಳಿಬಿಡಿ. ದಿನಾ ನೀರು ಬದಲಾಯಿಸಬೇಕು. ಕೊಳೆತ ನೀರಿನ ಬ್ಯಾಕ್ಟೀರಿಯಾ ಕಾಂಡದ ಬಾಯಿ ಕಟ್ಟುತ್ತದೆ, ಹೂ ಬಾಯಾರಿ ಬಾಡುತ್ತದೆ. ಎರಡು ದಿನಕ್ಕೊಮ್ಮೆ ಕಾಂಡದ ತುದಿ ಒಂದಿಂಚು ಓರೆಯಾಗಿ ಕತ್ತರಿಸಿ. ಜರ್ಬೆರಾಕ್ಕೆ ನಾಲ್ಕು ಬೆರಳಷ್ಟು ನೀರು ಸಾಕು, ಜಾಸ್ತಿಯಾದರೆ ಕಾಂಡ ಕೊಳೆಯುತ್ತದೆ. ಹೂವಿನ ಮೇಲೆ ನೀರು ಚಿಮುಕಿಸಬೇಡಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಎಸಳಿನ ಮೇಲೆ ಕಂದು ಚುಕ್ಕೆ ಬಂದು ಬೂಸ್ಟು ಹಿಡಿಯುತ್ತದೆ. ಬಾಳೆಹಣ್ಣಿನ ಪಕ್ಕ ಇಡಬೇಡಿ. ಮಾಗಿದ ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಕಾರ್ನೇಷನ್‌ನಂಥ ಹೂವನ್ನು ಬೇಗ ಬಾಡಿಸುತ್ತದೆ. ಹುಷಾರಿಲ್ಲದವರನ್ನು ನೋಡಲು ಬಂದವರೆಲ್ಲ ಹಣ್ಣು ತಂದು ಅದೇ ಟೇಬಲ್ ಮೇಲೆ ಇಡುತ್ತಾರಲ್ವಾ, ಅದಕ್ಕೇ ಹೇಳಿದೆ.

ಚಿಕ್ಕಮ್ಮ ಅವತ್ತೇ ಫೋನ್ ಮಾಡಿದ್ದರು. ಈ ಸಲ ಯಾರದ್ದು ಎಂದು ಕೇಳಲಿಲ್ಲ. ಆರನೇ ದಿನ ಮತ್ತೆ ಫೋನ್. "ಗುಲಾಬಿ ಹೋಯ್ತು. ಹಳದಿದು ನಾಲ್ಕು ಇನ್ನೂ ಹಾಗೇ ಇದೆ, ಚೊಂಬಿಗೆ ಹಾಕಿಟ್ಟಿದೀನಿ. ಒಂದನ್ನ ಪಕ್ಕದ ಮನೆ ಪುಟ್ಟಿ ತಗೊಂಡು ಹೋದ್ಲು."

[ದೃಶ್ಯ: ಚಿಕ್ಕಮ್ಮ ಕಳಿಸಿದ ಫೋಟೋ, ಕಿಟಕಿಯಲ್ಲಿ ಚೊಂಬು, ನಾಲ್ಕು ಹಳದಿ ಹೂ]