ಬೆಂಬಲ ಘೋಷಣೆ ಎಂಬ ಪರಿಚಯದ ಮಾತು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಚುನಾವಣೆಯ ಕಾಲ ಬಂದಾಗಲೆಲ್ಲ ನಮ್ಮ ವಾರ್ತೆಗಳಲ್ಲಿ ಒಂದು ಬಗೆಯ ವಾಕ್ಯ ತಪ್ಪದೆ ಕೇಳಿಬರುತ್ತದೆ. ಇಂಥ ಅಭ್ಯರ್ಥಿಗೆ ಮಾಜಿ ಅಧ್ಯಕ್ಷರು ಬೆಂಬಲ ಘೋಷಿಸಿದ್ದಾರೆ, ಇಂಥವರಿಗೆ ಕಾರ್ಮಿಕ ಸಂಘದ ಬೆಂಬಲ ದೊರೆತಿದೆ, ಇಂಥವರ ಬೆನ್ನಿಗೆ ನಗರದ ಮೇಯರ್ ನಿಂತಿದ್ದಾರೆ ಎಂದು ವಾರ್ತಾವಾಚಕರು ಓದುತ್ತಾರೆ. ಕೇಳಿದವರು ಆ ನಾಯಕರ ಹಿಂದಿರುವ ಮತಗಳೆಲ್ಲವೂ ಈ ಅಭ್ಯರ್ಥಿಯ ಪೆಟ್ಟಿಗೆಗೆ ಬಿದ್ದಂತೆಯೇ ಎಂದು ಲೆಕ್ಕ ಹಾಕಿಬಿಡುತ್ತಾರೆ. ಬಹಳ ವರ್ಷ ರಾಜ್ಯಶಾಸ್ತ್ರವನ್ನು ಪಾಠ ಮಾಡಿದ ನನಗೆ ಈ ಲೆಕ್ಕವನ್ನು ತಿದ್ದಬೇಕೆಂಬ ಆಸೆ ಮೊದಲಿನಿಂದಲೂ ಇದೆ. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ಬೆಂಬಲ ಘೋಷಣೆ ಎಂದರೆ ಪರಿಚಯದ ಮಾತು. ಪರಿಚಯ ಬೇಕಾದವನಿಗೆ, ಬೇಕಾದ ಹೊತ್ತಿನಲ್ಲಿ, ಅವನು ನಂಬುವವರ ಬಾಯಿಂದ ಬಂದರೆ ಅದಕ್ಕೆ ಬೆಲೆಯಿದೆ, ಇಲ್ಲವಾದರೆ ಇಲ್ಲ.

ಮೊದಲು ಕೆಲವು ಹೆಸರುಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಇಲ್ಲಿ ಕಾಂಗ್ರೆಸ್ ಎಂದರೆ ನಮ್ಮ ರಾಜಕೀಯ ಪಕ್ಷವಲ್ಲ, ಅಮೆರಿಕದ ಸಂಸತ್ತು. ಅದರ ಕೆಳಮನೆಯಾದ ಪ್ರತಿನಿಧಿಗಳ ಸಭೆಯಲ್ಲಿ 435 ಸ್ಥಾನಗಳಿವೆ. ಅಷ್ಟಕ್ಕೂ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಪಕ್ಷದ ಅಭ್ಯರ್ಥಿ ಯಾರು ಎಂಬುದನ್ನು ವರಿಷ್ಠರು ತೀರ್ಮಾನಿಸುತ್ತಾರೆ. ಹತ್ತು ಮಂದಿ ಆಕಾಂಕ್ಷಿಗಳಿದ್ದರೂ ಬಿ ಫಾರಂ ಯಾರ ಕೈಗೆ ಬಂತೋ ಅವರೇ ಅಭ್ಯರ್ಥಿ; ಉಳಿದವರು ಮುನಿಸಿಕೊಳ್ಳಬಹುದು, ಬಂಡಾಯವೇಳಬಹುದು, ಅಷ್ಟೆ. ಅಮೆರಿಕದಲ್ಲಿ ಹಾಗೆ ಬಿ ಫಾರಂ ಕೊಡುವವರೇ ಇಲ್ಲ. ಟಿಕೆಟ್ ಯಾರಿಗೆ ಎಂಬುದನ್ನು ಮತದಾರರೇ ಒಂದು ಪ್ರತ್ಯೇಕ ಚುನಾವಣೆಯಲ್ಲಿ ತೀರ್ಮಾನಿಸುತ್ತಾರೆ. ಇದಕ್ಕೆ ಪ್ರಾಥಮಿಕ ಚುನಾವಣೆ, ಅಂದರೆ ಪ್ರೈಮರಿ ಎಂದು ಹೆಸರು. ನವೆಂಬರಿನಲ್ಲಿ ನಡೆಯುವ ಅಂತಿಮ ಚುನಾವಣೆಯಲ್ಲಿ ಮತದಾರನಿಗೆ ದಾರಿ ತೋರಲು ಪಕ್ಷದ ಹೆಸರಿರುತ್ತದೆ. ಪ್ರೈಮರಿಯಲ್ಲಿ ಎಲ್ಲರೂ ಒಂದೇ ಪಕ್ಷದವರು. ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತನ್ನು ಆಡುತ್ತಾರೆ. ಕೆಲಸ ಮುಗಿಸಿ ಮತಗಟ್ಟೆಗೆ ಬಂದ ಸಾಮಾನ್ಯ ಮನುಷ್ಯ ಏಳೆಂಟು ಅಪರಿಚಿತ ಹೆಸರುಗಳ ಮುಂದೆ ನಿಂತು ಯಾರನ್ನು ಆರಿಸಬೇಕು?

ಆಗ ಅವನು ಮಾಡುವುದನ್ನೇ ನಾವು ನಮ್ಮ ಮನೆಗಳಲ್ಲಿ ಸಂಬಂಧ ನೋಡುವಾಗ ಮಾಡುತ್ತೇವೆ. ದೂರದ ಊರಿನ ಮನೆತನ ನಮಗೆ ಗೊತ್ತಿರುವುದಿಲ್ಲ. ನಮಗೂ ಅವರಿಗೂ ಬೇಕಾದ ಹಿರಿಯರೊಬ್ಬರು ನಡುವೆ ನಿಂತು, 'ನಾನು ಬಲ್ಲೆ, ಒಳ್ಳೆಯ ಮನೆ' ಎಂದರೆ ಮಾತು ಮುಂದುವರಿಯುತ್ತದೆ. ಆ ಹಿರಿಯರು ಹೇಳಿದ ಮಾತ್ರಕ್ಕೆ ಮದುವೆ ಆಗಿಹೋಗುವುದಿಲ್ಲ, ಬಾಗಿಲು ತೆರೆಯುತ್ತದೆ. ಪಕ್ಕದ ಮನೆಯ ಹುಡುಗನ ವಿಷಯದಲ್ಲಾದರೋ ಹಿರಿಯರ ಮಾತೇ ಬೇಕಾಗುವುದಿಲ್ಲ, ಅವನನ್ನು ನಾವೇ ಬಲ್ಲೆವು. ಬೆಂಬಲ ಘೋಷಣೆಯ ಸತ್ವವೆಲ್ಲ ಇಷ್ಟರಲ್ಲಿಯೇ ಇದೆ.

ಈ ಮಾತಿಗೆ ನಾನು ಯಾವಾಗಲೂ ಕೊಡುವ ಉದಾಹರಣೆಯೊಂದಿದೆ. ಅದು ನಮ್ಮ ಬೆಳಗಾವಿ ಜಿಲ್ಲೆಯಿಂದ ಆರಂಭವಾಗಿ ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ನಗರದಲ್ಲಿ ಕೊನೆಗೊಳ್ಳುತ್ತದೆ.

1955ರ ಜನವರಿಯಲ್ಲಿ ಚಾರ್ಲ್ಸ್ ಡಿಗ್ಸ್ ಎಂಬುವರು ಡೆಟ್ರಾಯ್ಟಿನಿಂದ ಆರಿಸಿ ಬಂದು ಅಮೆರಿಕದ ಪ್ರತಿನಿಧಿಗಳ ಸಭೆಯನ್ನು ಪ್ರವೇಶಿಸಿದರು. ಮಿಷಿಗನ್ ರಾಜ್ಯ ಕಾಂಗ್ರೆಸ್ಸಿಗೆ ಕಳುಹಿಸಿದ ಮೊದಲ ಕಪ್ಪುವರ್ಣೀಯ ಪ್ರತಿನಿಧಿ ಅವರು. ಅಲ್ಲಿಂದ ಮುಂದೆ ಆ ನಗರಕ್ಕೆ ಕಾಂಗ್ರೆಸ್ಸಿನಲ್ಲಿ ಒಬ್ಬರಾದರೂ ಕಪ್ಪುವರ್ಣೀಯ ಪ್ರತಿನಿಧಿ ಇಲ್ಲದ ಅವಧಿಯೇ ಇರಲಿಲ್ಲ. ಅದೇ 1955ರ ಫೆಬ್ರವರಿಯಲ್ಲಿ ನಮ್ಮ ಚಿಕ್ಕೋಡಿಯಲ್ಲಿ ಒಂದು ಮಗು ಹುಟ್ಟಿತು. ಬೆಳಗಾವಿಯಲ್ಲಿ ಬಡತನದಲ್ಲಿ ಬೆಳೆದು, ರಸಾಯನಶಾಸ್ತ್ರ ಓದಿ, 1979ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ಡಾಕ್ಟರೇಟ್ ಪಡೆದು, ಉದ್ಯಮಗಳನ್ನು ಕಟ್ಟಿ ಶ್ರೀಮಂತರಾದ ಅವರ ಹೆಸರು ಶ್ರೀ ಥಾಣೇದಾರ್. 2018ರಲ್ಲಿ ಅವರು ಮಿಷಿಗನ್ನಿನ ಗವರ್ನರ್ ಹುದ್ದೆಗಾಗಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ ಸ್ಪರ್ಧಿಸಿ ಮೂರನೆಯವರಾದರು. ಸೋತರು ನಿಜ, ಆದರೆ ಸ್ವಂತ ಹಣದಿಂದ ಟಿ.ವಿ. ಜಾಹೀರಾತುಗಳನ್ನು ಎಡೆಬಿಡದೆ ಹಾಕಿಸಿದ್ದರಿಂದ 'ಶ್ರೀ' ಎಂಬ ಒಂದಕ್ಷರ ರಾಜ್ಯದ ಮನೆಮನೆಗೂ ಮುಟ್ಟಿತು. ಈ ಅಂಶವನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಕಥೆಯ ಕೀಲಿಕೈ ಇಲ್ಲಿಯೇ ಇದೆ. 2020ರಲ್ಲಿ ಅವರು ಡೆಟ್ರಾಯ್ಟಿನಿಂದ ರಾಜ್ಯ ಶಾಸನಸಭೆಗೆ ಆಯ್ಕೆಯಾದರು.

2022ಕ್ಕೆ ಬರೋಣ. ಜನಗಣತಿಯ ನಂತರ ಕ್ಷೇತ್ರಗಳ ಮರುವಿಂಗಡಣೆಯಾಗಿತ್ತು. ಡೆಟ್ರಾಯ್ಟ್ ಭಾಗದ ಪ್ರತಿನಿಧಿ ಬ್ರೆಂಡಾ ಲಾರೆನ್ಸ್ ಅವರು ಮತ್ತೆ ಸ್ಪರ್ಧಿಸುವುದಿಲ್ಲ ಎಂದರು. ಇನ್ನೊಬ್ಬ ಪ್ರತಿನಿಧಿ ರಶೀದಾ ತ್ಲೈಬ್ ಅವರು ಪಕ್ಕದ 12ನೆಯ ಕ್ಷೇತ್ರವನ್ನು ಆರಿಸಿಕೊಂಡರು. ಹೀಗೆ 13ನೆಯ ಕ್ಷೇತ್ರ ತೆರವಾಯಿತು. ಅಲ್ಲಿ ಡೆಮಾಕ್ರಟರ ಬಲ ಎಷ್ಟೆಂದರೆ ಪ್ರೈಮರಿಯಲ್ಲಿ ಗೆದ್ದವರು ಕಾಂಗ್ರೆಸ್ಸಿಗೆ ಹೋದಂತೆಯೇ. ಕಣಕ್ಕೆ ಒಂಬತ್ತು ಮಂದಿ ಇಳಿದರು.

ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಕಪ್ಪುವರ್ಣೀಯರಿರುವ ನಗರದ ಹಿರಿಯರಿಗೆ ಆತಂಕ ಮೂಡಿದ್ದು ಸಹಜ. ತಮ್ಮ ಸಮುದಾಯದ ಮತ ಹಲವರಲ್ಲಿ ಹಂಚಿಹೋದರೆ 1955ರಿಂದ ಉಳಿಸಿಕೊಂಡು ಬಂದ ಸ್ಥಾನ ಕೈಬಿಟ್ಟು ಹೋಗುತ್ತದೆ ಎಂದು ಅವರು ಸರಿಯಾಗಿಯೇ ಊಹಿಸಿದರು. ಆ ಪ್ರದೇಶದ ವೇನ್ ಕೌಂಟಿಯ ಮುಖ್ಯಾಧಿಕಾರಿ ವಾರನ್ ಎವನ್ಸ್ ಅವರ ಮುಂದಾಳತ್ವದಲ್ಲಿ ಒಂದು ಸಮಿತಿ ರಚನೆಯಾಯಿತು. ಆಕಾಂಕ್ಷಿಗಳನ್ನೆಲ್ಲ ಪರಿಶೀಲಿಸಿ ಒಬ್ಬರನ್ನು ಆರಿಸುವುದು, ಎಲ್ಲರೂ ಅವರ ಹಿಂದೆ ನಿಲ್ಲುವುದು, ಇದು ಉದ್ದೇಶ. ಸಮಿತಿ ರಾಜ್ಯದ ಸೆನೆಟರ್ ಆಗಿದ್ದ ಆಡಮ್ ಹಾಲಿಯರ್ ಅವರನ್ನು ಆರಿಸಿತು. ಡೆಟ್ರಾಯ್ಟಿನ ಮೇಯರ್ ಮೈಕ್ ಡಗನ್ ಅವರೂ ಹಾಲಿಯರ್ ಅವರಿಗೇ ಬೆಂಬಲ ಘೋಷಿಸಿದರು. ಇಸ್ರೇಲ್ ಪರ ಸಂಘಟನೆಯಾದ ಎಐಪ್ಯಾಕ್‌ಗೆ ಸೇರಿದ ನಿಧಿಯೊಂದು ಅವರ ಪರವಾಗಿ 40 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ನಮ್ಮ ವಾರ್ತೆಯ ಲೆಕ್ಕದ ಪ್ರಕಾರ ಹಾಲಿಯರ್ ಗೆದ್ದಾಗಿತ್ತು.

ಆದರೆ ಸ್ಥಾನವನ್ನು ಬಿಟ್ಟುಕೊಡುತ್ತಿದ್ದ ಬ್ರೆಂಡಾ ಲಾರೆನ್ಸ್ ಅವರು ಬೇರೊಬ್ಬರಿಗೆ, ಪೋರ್ಷಿಯಾ ರಾಬರ್ಸನ್ ಅವರಿಗೆ, ಬೆಂಬಲ ಕೊಟ್ಟರು. ಮನೆಯ ಇಬ್ಬರು ಹಿರಿಯರು ಇಬ್ಬರು ವರರನ್ನು ತೋರಿಸಿದರೆ ಮನೆಯವರು ಯಾರ ಮಾತನ್ನು ಕೇಳಬೇಕು? ಪರಿಚಯದ ಮಾತು ಎರಡಾದ ಕೂಡಲೇ ಅದರ ತೂಕ ಅರ್ಧಕ್ಕಿಳಿಯುವುದಿಲ್ಲ, ಪೂರ್ತಿಯಾಗಿ ಕರಗುತ್ತದೆ. ಕಣದಲ್ಲಿ ಒಂಬತ್ತು ಮಂದಿ ಕೊನೆಯವರೆಗೂ ಉಳಿದರು. ಇತ್ತ ಥಾಣೇದಾರ್ ಅವರು ತಮ್ಮ ಸ್ವಂತ ಹಣ 80 ಲಕ್ಷ ಡಾಲರಿಗೂ ಹೆಚ್ಚನ್ನು ಪ್ರಚಾರಕ್ಕೆ ಹಾಕಿದರು. ಮುಖ್ಯವಾಗಿ, ಅವರನ್ನು ಪರಿಚಯಿಸಲು ಯಾರ ಅಗತ್ಯವೂ ಇರಲಿಲ್ಲ. 2018ರಲ್ಲಿಯೇ ಆ ಕೆಲಸ ಮುಗಿದಿತ್ತು. ಅವರು ಮತದಾರನಿಗೆ ಪಕ್ಕದ ಮನೆಯ ಹುಡುಗನಾಗಿದ್ದರು.

ಆಗಸ್ಟ್ 2ರಂದು ಮತದಾನವಾಯಿತು. ಥಾಣೇದಾರ್ ಅವರಿಗೆ ಶೇಕಡ 28, ಹಾಲಿಯರ್ ಅವರಿಗೆ ಶೇಕಡ 23ಕ್ಕಿಂತ ತುಸು ಹೆಚ್ಚು, ರಾಬರ್ಸನ್ ಅವರಿಗೆ ಶೇಕಡ 17ರಷ್ಟು ಮತಗಳು ಬಂದವು. ಈ ಕೊನೆಯ ಎರಡು ಸಂಖ್ಯೆಗಳನ್ನು ಕೂಡಿಸಿ ನೋಡಿ. ಹಿರಿಯರೆಲ್ಲ ಒಂದೇ ಬೆರಳಿನಿಂದ ಒಬ್ಬರನ್ನೇ ತೋರಿಸಿದ್ದರೆ ಡೆಟ್ರಾಯ್ಟಿನ ಚರಿತ್ರೆ ಬೇರೆಯಾಗುತ್ತಿತ್ತು. ನವೆಂಬರಿನಲ್ಲಿ ಥಾಣೇದಾರ್ ಅವರು ಶೇಕಡ 71ರಷ್ಟು ಮತ ಪಡೆದು ಸಲೀಸಾಗಿ ಗೆದ್ದರು. ಚಿಕ್ಕೋಡಿಯ ಮಗು ಕಾಂಗ್ರೆಸ್ ಪ್ರವೇಶಿಸಿದಾಗ ಡಿಗ್ಸ್ ಅವರಿಂದ ಆರಂಭವಾದ ಪರಂಪರೆ ಕಡಿದುಹೋಯಿತು. ಬೆಳಗಾವಿಯವರಾಗಿ ನಮಗೆ ಹೆಮ್ಮೆಯೆನಿಸುವ ಈ ಸುದ್ದಿಯ ಇನ್ನೊಂದು ಮಗ್ಗುಲಲ್ಲಿ ಒಂದು ನಗರದ ನೋವು ಇದೆ ಎಂಬುದನ್ನೂ ನಾವು ಗೌರವದಿಂದ ಕಾಣಬೇಕು.

ಡೆಟ್ರಾಯ್ಟಿನ ಕಥೆಗೆ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಅದೇ ತಿಂಗಳು, ಅದೇ 2022ರ ಆಗಸ್ಟ್ 16ರಂದು, ವಯೋಮಿಂಗ್ ರಾಜ್ಯದಲ್ಲಿ ಇದರ ತದ್ವಿರುದ್ಧವಾದದ್ದು ನಡೆಯಿತು. ಡೊನಾಲ್ಡ್ ಟ್ರಂಪ್ ಅವರನ್ನು ಎದುರು ಹಾಕಿಕೊಂಡಿದ್ದ, ಆ ರಾಜ್ಯದ ಅಂದಿನ ಪ್ರತಿನಿಧಿ ಲಿಝ್ ಚೇನಿ ಅವರ ವಿರುದ್ಧ ರಿಪಬ್ಲಿಕನ್ ಪ್ರೈಮರಿಯಲ್ಲಿ ಹಲವರು ನಿಲ್ಲಲು ಹೊರಟಿದ್ದರು. ಚುನಾವಣೆಗೆ ಹನ್ನೊಂದು ತಿಂಗಳ ಮೊದಲೇ ಟ್ರಂಪ್ ಅವರು ಹ್ಯಾರಿಯೆಟ್ ಹೇಗ್‌ಮನ್ ಎಂಬ ವಕೀಲೆಗೆ ಬೆಂಬಲ ಘೋಷಿಸಿದರು. ಕೂಡಲೇ ಕೆಲವು ಆಕಾಂಕ್ಷಿಗಳು ಕಣದಿಂದ ಹಿಂದೆ ಸರಿದರು. ಚೇನಿ ವಿರೋಧಿ ಮತ ಹಂಚಿಹೋಗದೆ ಒಂದೆಡೆ ಕೂಡಿತು. ಹೇಗ್‌ಮನ್ ಅವರಿಗೆ ಶೇಕಡ 66, ಚೇನಿ ಅವರಿಗೆ ಶೇಕಡ 29ರ ಆಸುಪಾಸು ಮತಗಳು ಬಂದವು. ಪರಿಚಯದ ಮಾತು ಬೇಗ ಬಂತು, ಒಬ್ಬರಿಂದಲೇ ಬಂತು, ಆ ಮನೆಯವರು ನಂಬುವವರಿಂದ ಬಂತು. ಡೆಟ್ರಾಯ್ಟಿನ ಹಿರಿಯರು ಬಯಸಿದ್ದೂ ಇದನ್ನೇ.

ಹಾಗಾದರೆ ಟ್ರಂಪ್ ಅವರ ಮಾತು ಎಲ್ಲೆಲ್ಲಿಯೂ ನಡೆಯುತ್ತದೆಯೇ ಎಂದು ನೀವು ಕೇಳಬಹುದು. ನಡೆಯುವುದಿಲ್ಲ. 2021ರಲ್ಲಿ ಟೆಕ್ಸಾಸ್‌ನ 6ನೆಯ ಕ್ಷೇತ್ರದ ಪ್ರತಿನಿಧಿ ತೀರಿಕೊಂಡಾಗ ಅವರ ಪತ್ನಿ ಸೂಸನ್ ರೈಟ್ ಅವರಿಗೆ ಟ್ರಂಪ್ ಬೆಂಬಲ ಸೂಚಿಸಿದರು. ಜುಲೈ 27ರ ಕೊನೆಯ ಸುತ್ತಿನಲ್ಲಿ ಎದುರಿಗಿದ್ದವರು ಅದೇ ಪಕ್ಷದ ಜೇಕ್ ಎಲ್ಝಿ. ಅವರು ಆ ಭಾಗದಿಂದಲೇ ರಾಜ್ಯ ಶಾಸನಸಭೆಗೆ ಆಯ್ಕೆಯಾಗಿದ್ದವರು, ನೌಕಾಪಡೆಯ ಮಾಜಿ ವಿಮಾನ ಚಾಲಕರು. ಅವರ ಪರವಾಗಿ ಟೆಕ್ಸಾಸ್‌ನ ಮಾಜಿ ಗವರ್ನರ್ ರಿಕ್ ಪೆರಿ ನಿಂತಿದ್ದರು. ಎಲ್ಝಿ ಗೆದ್ದರು. ದೂರದ ದೊಡ್ಡವರಿಗಿಂತ ಊರಿನ ಹಿರಿಯರ ಮಾತು ಆ ಸಲ ಹೆಚ್ಚು ತೂಗಿತು.

ಇನ್ನು ಹಣದ ಮಾತು. ಬೆಂಬಲ ಘೋಷಣೆಯನ್ನು ಮತದಾರನಿಗಿಂತ ಮೊದಲು ಕೇಳಿಸಿಕೊಳ್ಳುವವರು ದೇಣಿಗೆ ಕೊಡುವವರು. ಅಮೆರಿಕದಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ನೇರವಾಗಿ ಕೊಡಬಹುದಾದ ಹಣಕ್ಕೆ ಮಿತಿಯಿದೆ. 2022ರಲ್ಲಿ ಅದು ಪ್ರತಿ ಚುನಾವಣೆಗೆ 2,900 ಡಾಲರ್ ಆಗಿತ್ತು. ಆದ್ದರಿಂದ ಸ್ವಂತ ಸಂಪತ್ತಿಲ್ಲದ ಅಭ್ಯರ್ಥಿ ಸಾವಿರಾರು ಅಪರಿಚಿತರಿಂದ ಹಣ ಕೂಡಿಸಬೇಕು, ಆ ಅಪರಿಚಿತರಿಗೂ ಯಾರಾದರೊಬ್ಬರು ಪರಿಚಯ ಮಾಡಿಕೊಡಬೇಕು. 1985ರಲ್ಲಿ ಆರಂಭವಾದ ಎಮಿಲೀಸ್ ಲಿಸ್ಟ್ ಎಂಬ ಸಂಸ್ಥೆ ಗರ್ಭಪಾತದ ಹಕ್ಕನ್ನು ಬೆಂಬಲಿಸುವ ಡೆಮಾಕ್ರಟಿಕ್ ಮಹಿಳಾ ಅಭ್ಯರ್ಥಿಗಳಿಗೆ ಈ ಕೆಲಸವನ್ನೇ ಮಾಡುತ್ತದೆ. ಎಮಿಲಿ ಎಂಬುದು ಹೆಣ್ಣುಮಗಳೊಬ್ಬಳ ಹೆಸರೆಂದು ಹಲವರು ತಿಳಿದಿದ್ದಾರೆ. ಅದು ಒಂದು ವಾಕ್ಯದ ಮೊದಲಕ್ಷರಗಳನ್ನು ಜೋಡಿಸಿದ ಹೆಸರು. ಮೊದಲು ಬಂದ ಹಣ ಹಿಟ್ಟನ್ನು ಉಬ್ಬಿಸುವ ಈಸ್ಟ್‌ನಂತೆ ಎಂಬುದು ಅದರ ಅರ್ಥ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಅದು ಹೆಪ್ಪು. ರಾತ್ರಿ ಹಾಕಿದ ಒಂದು ಚಮಚ ಹೆಪ್ಪು ಬೆಳಗಾಗುವಷ್ಟರಲ್ಲಿ ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುತ್ತದೆ. ಬೆಳಿಗ್ಗೆ ಊಟಕ್ಕೆ ಕುಳಿತ ಮೇಲೆ ಹಾಕಿದ ಹೆಪ್ಪಿನಿಂದ ಏನೂ ಆಗುವುದಿಲ್ಲ. ಮತದಾನಕ್ಕೆ ವಾರವಿರುವಾಗ ಬರುವ ಬೆಂಬಲದ ಸುದ್ದಿಯನ್ನು ನಮ್ಮ ವಾರ್ತೆಗಳು ಅಷ್ಟು ಸಡಗರದಿಂದ ಓದುವಾಗ ನನಗೆ ಈ ಹೆಪ್ಪು ನೆನಪಾಗುತ್ತದೆ.

ಪತ್ರಿಕೆಗಳ ಸಂಪಾದಕೀಯ ಬೆಂಬಲದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಸಮಯವಿಲ್ಲ. ಕ್ಯಾಲಿಫೋರ್ನಿಯಾದ 17ನೆಯ ಕ್ಷೇತ್ರವನ್ನು ಮಾತ್ರ ನೆನಪಿಸುತ್ತೇನೆ. ಆ ರಾಜ್ಯದಲ್ಲಿ ಪ್ರೈಮರಿಯ ಮೊದಲ ಇಬ್ಬರು, ಒಂದೇ ಪಕ್ಷದವರಾದರೂ, ನವೆಂಬರಿನಲ್ಲಿ ಎದುರುಬದುರಾಗುತ್ತಾರೆ. 2014ರಲ್ಲಿ ಹಳೆಯ ಪ್ರತಿನಿಧಿ ಮೈಕ್ ಹೋಂಡಾ ಅವರ ಪರ ಅಧ್ಯಕ್ಷ ಒಬಾಮಾ ಇದ್ದರು. ಹೊಸಬರಾದ, ಭಾರತೀಯ ಮೂಲದ ರೋ ಖನ್ನಾ ಅವರ ಪರ ಸ್ಯಾನ್ ಹೊಸೆಯ ಮರ್ಕ್ಯುರಿ ನ್ಯೂಸ್ ಪತ್ರಿಕೆ ಇತ್ತು. ಹೋಂಡಾ ಶೇಕಡ 52ರ ಹತ್ತಿರ ಮತ ಪಡೆದು ಗೆದ್ದರು. ಎರಡು ವರ್ಷಗಳ ನಂತರ, ಖನ್ನಾ ಅವರ ಹೆಸರು ಮತದಾರರಿಗೆ ಚೆನ್ನಾಗಿ ಪರಿಚಯವಾಗಿದ್ದಾಗ, ಅವರು ಶೇಕಡ 61ರಷ್ಟು ಮತಗಳಿಂದ ಹೋಂಡಾ ಅವರನ್ನು ಸೋಲಿಸಿದರು.

ಡೆಟ್ರಾಯ್ಟಿನಲ್ಲಿ 2024ರಲ್ಲಿ ಏನಾಯಿತು ಎಂಬುದನ್ನು ಹೇಳದೆ ಏಳಲಾರೆ. ಹಾಲಿಯರ್ ಅವರು ಮತ್ತೆ ಸ್ಪರ್ಧೆಗೆ ಬಂದರು. ಅಲ್ಲಿ ಪ್ರೈಮರಿಯ ಮತಪತ್ರದಲ್ಲಿ ಹೆಸರು ಅಚ್ಚಾಗಬೇಕಾದರೆ ಅಭ್ಯರ್ಥಿ ಒಂದು ಸಾವಿರ ಮತದಾರರ ಸಹಿ ತರಬೇಕು. ಪರಿಶೀಲನೆಯಲ್ಲಿ ಹಾಲಿಯರ್ ಅವರು ಕೊಟ್ಟ ಸಹಿಗಳಲ್ಲಿ ಹಲವು ಊರ್ಜಿತವಲ್ಲವೆಂದು ತೀರ್ಮಾನವಾಯಿತು, ಸಾವಿರ ತುಂಬಲಿಲ್ಲ. ಆಗಸ್ಟಿನ ಪ್ರೈಮರಿಯ ಮತಪತ್ರದಲ್ಲಿ ಅವರ ಹೆಸರು ಇರಲಿಲ್ಲ. ಥಾಣೇದಾರ್ ಅವರು ಈ ಸಲ ಅರ್ಧಕ್ಕಿಂತ ಹೆಚ್ಚು ಮತಗಳನ್ನು ಪಡೆದು ಗೆದ್ದರು.

ನಮಸ್ಕಾರ.